ಬಾಗಿಲು ಕೂರೋದು ಅಂದ್ರೆ: ಒಂದು ಹಳೇ ಪದ್ಮಿನಿ, ಭದ್ರಾವತಿ ಮತ್ತು ಆಗದೇ ಉಳಿದ ಮೈಸೂರು ಕಾರು

ಬಸ್ಸಲ್ಲಿ ಕೇಳ್ತಿದ್ರೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ ಅಂದ್ಕೊಳ್ತೀನಿ. ಯಾಕಂದ್ರೆ ಇವತ್ತಿನ ಸಂಚಿಕೆ ಕಿಟಕಿ ಬಾಗಿಲುಗಳ ಬಗ್ಗೆ. ಮನೆಯದ್ದಲ್ಲ, ಹಳೇ ಕಾರಿಂದು.

ಒಂದು ಪ್ರೀಮಿಯರ್ ಪದ್ಮಿನಿಯನ್ನ ಪೂರ್ತಿ ಬಿಚ್ಚಿ, ತುಕ್ಕು ಕೆರೆದು, ಬಣ್ಣ ಹೊಡೆದು, ಮತ್ತೆ ಜೋಡಿಸ್ತಿದ್ದಾರೆ ಅಂದ್ಕೊಳ್ಳಿ. ಎಲ್ಲರ ಕಣ್ಣೂ ಎಂಜಿನ್ ಮೇಲೆ. ಆದರೆ ಎಂಜಿನ್‌ಗೆ ಪುಸ್ತಕ ಇದೆ, ಅಳತೆ ಇದೆ, ಇಷ್ಟು ಗ್ಯಾಪ್ ಬಿಡು, ಇಷ್ಟು ಬಿಗಿ ಮಾಡು ಅಂತ ಲೆಕ್ಕ ಇದೆ. ಬಾಗಿಲಿಗೆ ಇರೋದು ಕಣ್ಣು, ಕೈ ಮತ್ತು ಕಿವಿ ಮಾತ್ರ. ಬಾಗಿಲು ಹಾಕಿದಾಗ ಬರೋ ಸದ್ದು ಕೇಳಿಯೇ ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಹೇಳೋರು ಇದ್ದಾರೆ. ಅಂಥವರಲ್ಲೊಬ್ಬರ ಟಿಂಕರಿಂಗ್ ಶೆಡ್ ಭದ್ರಾವತಿಯಲ್ಲಿದೆ. ನಾನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಕಾಂ ಓದುವಾಗ ಎಷ್ಟೋ ಸಲ ಬಸ್ಸಲ್ಲಿ ಆ ಶೆಡ್ ದಾಟಿ ಹೋಗಿದ್ದೆ. ಈ ಸಂಚಿಕೆಗೋಸ್ಕರ ಎರಡು ಭಾನುವಾರ ಅಲ್ಲೇ ಹೋಗಿ ಕೂತೆ. ಹೆಸರು ಹಾಕೋದು ಬೇಡಪ್ಪ ಅಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಸ್ತ್ರಿ.

ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡೋಣ. ಇತಿಹಾಸಕ್ಕೆ ಆಮೇಲೆ ಬರ್ತೀನಿ, ಎರಡಕ್ಕೂ ಸಂಬಂಧ ಇದೆ.

ಫೈನಲ್ ಬಣ್ಣಕ್ಕೆ ಮುಂಚೆಯೇ ಖಾಲಿ ಬಾಗಿಲುಗಳನ್ನ ಒಮ್ಮೆ ಹಿಂಜ್‌ಗೆ ಸಿಕ್ಕಿಸಿ ನೋಡಬೇಕು. ಯಾವ ಬಾಗಿಲು ಮೊದಲು? ಹಿಂದಿನದ್ದು. ಯಾಕಂದ್ರೆ ಕಾರಿನ ಹಿಂಭಾಗದ ಬಾಡಿ ಅಲ್ಲಾಡಲ್ಲ, ಅದು ವೆಲ್ಡ್ ಆಗಿರುತ್ತೆ. ಅದಕ್ಕೆ ಹಿಂದಿನ ಬಾಗಿಲನ್ನ ಹೊಂದಿಸಿ, ಹಿಂದಿನ ಬಾಗಿಲಿಗೆ ಮುಂದಿನ ಬಾಗಿಲನ್ನ ಹೊಂದಿಸಿ, ಕೊನೆಗೆ ಮುಂದಿನ ಬಾಗಿಲಿಗೆ ಮಡ್‌ಗಾರ್ಡ್ ಹೊಂದಿಸಬೇಕು. ಮುಂದಿನಿಂದ ಶುರು ಮಾಡಿದರೆ ಎಲ್ಲಾ ತಪ್ಪೂ ಹಿಂದೆ ಹೋಗಿ ಗುಡ್ಡೆ ಬೀಳುತ್ತೆ, ಅಲ್ಲಿ ಸರಿಮಾಡೋಕೆ ಜಾಗವೇ ಇರಲ್ಲ. ಅಕೌಂಟ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಓಪನಿಂಗ್ ಬ್ಯಾಲೆನ್ಸ್ ತಪ್ಪಿದ್ರೆ ಕ್ಲೋಸಿಂಗ್ ಎಲ್ಲಿ ತಾಳೆ ಆಗುತ್ತೆ?

ಈ ಟ್ರಯಲ್ ನೋಡುವಾಗಲೇ ಚೌಕಟ್ಟಿನ ಸುತ್ತ ಬರೋ ಹೊಸ ರಬ್ಬರ್ ಬೀಡಿಂಗನ್ನೂ ಇಟ್ಟು ನೋಡ್ಬೇಕು. ಹಳೇದು ಐವತ್ತು ವರ್ಷ ಒತ್ತಿ ಒತ್ತಿ ಚಪ್ಪಟೆ ಆಗಿರುತ್ತೆ, ಹೊಸದು ದಪ್ಪ. ರಬ್ಬರ್ ಇಲ್ಲದೆ ಚೆಂದ ಕೂತ ಬಾಗಿಲು ರಬ್ಬರ್ ಹಾಕಿದ ಮೇಲೆ ಲಾಕೇ ಆಗಲ್ಲ. ಬಣ್ಣ ಆದ ಮೇಲೆ ಇದು ಗೊತ್ತಾದ್ರೆ ಅಷ್ಟೂ ಕೆಲಸ ನೀರಲ್ಲಿ ಹೋಮ.

ಬಣ್ಣ ಒಣಗಿದ ಮೇಲೆ ಬಾಗಿಲ ಹೊಟ್ಟೆ ತುಂಬಿಸೋದು. ಗಾಜನ್ನ ಮೇಲೆ ಕೆಳಗೆ ಮಾಡೋ ವಿಂಡೋ ಮೆಷಿನ್, ಗಾಜು ಜಾರೋ ಚಾನೆಲ್, ಅದರೊಳಗಿನ ಬಟ್ಟೆಯಂಥ ಫೆಲ್ಟ್, ಲಾಕ್. ಆಮೇಲೆ ಮುಂದಿನ ಬಾಗಿಲಲ್ಲಿ ತ್ರಿಕೋನದ ಸಣ್ಣ ಗಾಜು. ನಿಮ್ಮಲ್ಲಿ ಅನೇಕರು ಅದನ್ನ ನೋಡೇ ಇರಲ್ಲ. ಎಸಿ ಇಲ್ಲದ ಕಾಲದಲ್ಲಿ ಅದನ್ನ ಓರೆಯಾಗಿ ತಿರುಗಿಸಿದರೆ ಓಡೋ ಕಾರಿನ ಗಾಳಿ ಸೀದಾ ಎದೆಗೆ ಬರೋದು. ಇದೆಲ್ಲ ಆದಮೇಲೆ ಒಳಗಿನ ಡೋರ್ ಪ್ಯಾಡ್, ಹಿಡಿ, ಗಾಜು ತಿರುಗಿಸೋ ಹ್ಯಾಂಡಲ್. ಎದುರಿನ ದೊಡ್ಡ ಗಾಜು ಕೂರಿಸೋದಂತೂ ನೋಡೋಕೇ ಒಂದು ಆಟ. ರಬ್ಬರಿನ ಗಾಡಿಯೊಳಗೆ ಒಂದು ಹಗ್ಗ ಸುತ್ತಿ, ಸೋಪಿನ ನೀರು ಸವರಿ, ಹೊರಗಿಂದ ಒಬ್ಬ ಒತ್ತಿ ಹಿಡ್ಕೊಂಡು, ಒಳಗಿಂದ ಇನ್ನೊಬ್ಬ ಹಗ್ಗ ಎಳೀತಾ ಹೋಗ್ತಾನೆ. ರಬ್ಬರಿನ ತುಟಿ ಚೂರುಚೂರೇ ಚೌಕಟ್ಟಿನ ಒಳಬದಿಗೆ ಬಂದು ಕೂರುತ್ತೆ.

ಮಲೆನಾಡಿನೋರಿಗೆ ತಿಳಿದಿರಲೇಬೇಕಾದ ಒಂದು ವಿಷಯ. ಕಾರಿನ ಬಾಗಿಲೊಳಗೆ ಮಳೆ ನೀರು ಹೋಗೇ ಹೋಗುತ್ತೆ, ಗಾಜಿನ ಪಕ್ಕದಿಂದ ಇಳಿಯುತ್ತೆ. ಅದು ದೋಷ ಅಲ್ಲ, ಬಾಗಿಲನ್ನ ಮಾಡಿರೋದೇ ಹಾಗೆ. ಆ ನೀರು ಹೊರಗೆ ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರ್ತವೆ. ಧೂಳು ಎಲೆ ಸೇರಿ ಅವು ಮುಚ್ಚಿದರೆ ನೀರು ಒಳಗೇ ನಿಂತು, ತುಕ್ಕು ಒಳಗಿಂದ ಹೊರಗೆ ಬರುತ್ತೆ. ಹೊರಗೆ ಬಣ್ಣದಲ್ಲಿ ಒಂದು ಗುಳ್ಳೆ ಕಾಣೋ ಹೊತ್ತಿಗೆ ತಳ ಹೋಗಿರುತ್ತೆ. ನಮ್ಮ ಕಡೆ ಹಳೇ ಕಾರು ಸಾಯೋದು ಎಂಜಿನ್‌ನಿಂದ ಅಲ್ಲ, ಬಾಗಿಲ ತಳದಿಂದ ಅಂತಾರೆ ಮೇಸ್ತ್ರಿ.

ಈಗ ಇತಿಹಾಸ. ನಾವು ‘ಜೋಡಿಸೋದು’ ಅಂತಿದ್ದೀವಲ್ಲ, ಭಾರತದ ಕಾರಿನ ಕಥೆ ಶುರುವಾಗಿದ್ದೇ ಆ ಪದದಿಂದ. 1928ರಲ್ಲಿ ಜನರಲ್ ಮೋಟರ್ಸ್ ಮುಂಬೈನಲ್ಲಿ ಕಾರು ಜೋಡಿಸೋ ಕಾರ್ಖಾನೆ ತೆರೆಯಿತು. ಫೋರ್ಡ್ ಕೂಡ ಇಲ್ಲಿ ಅದೇ ಕೆಲಸ ಮಾಡ್ತಿತ್ತು. ಪೆಟ್ಟಿಗೆಗಳಲ್ಲಿ ಭಾಗಗಳು ಹಡಗಲ್ಲಿ ಬರ್ತಿದ್ವು, ಇಲ್ಲಿ ನಟ್ಟು ಬೋಲ್ಟು ಹಾಕಿ ಮಾರ್ತಿದ್ರು. ಭಾಗಗಳನ್ನ ಮಾಡೋದು ಅವರು, ಜೋಡಿಸೋದು ನಾವು.

ಇದು ಸಾಲದು ಅಂದವರಲ್ಲಿ ಒಬ್ಬರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ಅವರನ್ನ ಕನ್ನಂಬಾಡಿ ಜೊತೆ ಮಾತ್ರ ನೆನಪಿಟ್ಕೊಂಡಿದ್ದೀವಿ. ಆದರೆ 1923ರ ಜನವರಿಯಲ್ಲಿ ಭದ್ರಾವತಿಯಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ, ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ಕಬ್ಬಿಣ ತೆಗೆಯೋಕೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಒದ್ದಾಡ್ತಿದ್ದಾಗ, ಅದರ ಅಧ್ಯಕ್ಷರಾಗಿ ಬಂದು 1929ರ ತನಕ ನಡೆಸಿದ್ದು ಅವರೇ. ದಿವಾನಗಿರಿ ಬಿಟ್ಟು ಆಗಲೇ ವರ್ಷಗಳಾಗಿದ್ದವು.

1930ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಹಿಡಿದ ಹಟ ಕಾರು. ಜೋಡಿಸೋದಲ್ಲ, ಇಲ್ಲೇ ತಯಾರಿಸೋದು. 1935ರಲ್ಲಿ ಯುರೋಪು ಅಮೆರಿಕ ಸುತ್ತಿ ಕಾರ್ಖಾನೆಗಳನ್ನ ನೋಡಿ ಬಂದರು, ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು, 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡರು. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಲಿ ಅನ್ನೋ ಪ್ರಯತ್ನವೂ ನಡೀತು. ಸಂಸ್ಥಾನ ಒಲವು ತೋರಿಸ್ತು. ಆದರೆ ಆಗ ಯುದ್ಧದ ಕಾಲ, ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಮೈಸೂರು ಕಾರು ಕಾಗದದಲ್ಲೇ ಉಳೀತು.

ತಮಾಷೆ ನೋಡಿ. ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ವಿಮಾನ ಯುದ್ಧಕ್ಕೆ ಬೇಕಿತ್ತು, ಕಾರು ಬೇಕಿರಲಿಲ್ಲ. ಕಾರಿನ ಕನಸು 1944ರಲ್ಲಿ ಮುಂಬೈನಲ್ಲಿ ‘ಪ್ರೀಮಿಯರ್ ಆಟೊಮೊಬೈಲ್ಸ್’ ಆಗಿ ಹುಟ್ಟಿತು. ಮೊದಲು ಅವರೂ ಕ್ರೈಸ್ಲರ್ ಕಾರುಗಳನ್ನ ಜೋಡಿಸಿದರು, ಆಮೇಲೆ ಇಟಲಿಯ ಫಿಯೆಟ್ ಕೈ ಹಿಡಿದರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಪಟ್ಟು ಹಿಡೀತು. ಬರೀ ಜೋಡಿಸ್ತೀವಿ ಅನ್ನೋರಿಗೆ ಇಲ್ಲಿ ಜಾಗ ಇಲ್ಲ, ಹಂತಹಂತವಾಗಿ ಇಲ್ಲೇ ತಯಾರಿಸ್ಬೇಕು ಅಂತ. 1950ರ ದಶಕದ ಮೊದಲರ್ಧದಲ್ಲೇ ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟು ಮೂಟೆ ಕಟ್ಟಿದವು.

ಫಿಯೆಟ್ 1100ರ ಮೊದಲ ಮಾಡೆಲ್‌ಗಳಲ್ಲಿ ಮುಂದಿನ ಬಾಗಿಲು ಉಲ್ಟಾ ತೆರೀತಿತ್ತು. ಹಿಂಜ್ ಹಿಂದಿನ ಕಡೆ, ಹಿಡಿ ಮುಂದಿನ ಕಡೆ. 1964ರಲ್ಲಿ ಬಂದ 1100ಡಿಯಲ್ಲಿ ಅದು ಇವತ್ತಿನ ಹಾಗೆ ಆಯ್ತು. ಆ ಕಾರೇ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡು ಶತಮಾನದ ಕೊನೆವರೆಗೂ ಹೆಚ್ಚುಕಮ್ಮಿ ಅದೇ ಮೈಕಟ್ಟಿನಲ್ಲಿ ಬಂತು. ಮುಂಬೈನ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೇ ಪದ್ಮಿನಿ ರಸ್ತೆಯಿಂದ ಇಳಿದಿದ್ದು 2023ರ ಅಕ್ಟೋಬರ್‌ನಲ್ಲಿ.

ಹಾಗಾಗಿ ಭದ್ರಾವತಿಯ ಶೆಡ್‌ನಲ್ಲಿ ಪದ್ಮಿನಿಯ ಬಾಗಿಲು ನೋಡಿದಾಗ ನಂಗೆ ಕಾಣೋದು ವಿಶ್ವೇಶ್ವರಯ್ಯನವರು ಕೇಳಿದ ಕಾರಿನ ದೂರದ ಸಂಬಂಧಿ. ಇಲ್ಲಿನ ಕಬ್ಬಿಣವೇ ಆ ಬಾಗಿಲಲ್ಲಿದೆ ಅಂತ ನಾನು ಹೇಳ್ತಿಲ್ಲ. ಹೇಳ್ತಿರೋದು ಬೇರೆ. ಆ ಶೆಡ್‌ನಲ್ಲಿ ಜೋಡಿಸೋದಕ್ಕೂ ತಯಾರಿಸೋದಕ್ಕೂ ನಡುವಿನ ಗೆರೆ ಅಳಿಸಿ ಹೋಗಿದೆ.

ಹೇಗೆ ಅಂದ್ರೆ, ಬಾಗಿಲ ತಳ ತುಕ್ಕು ತಿಂದಿದೆ. ಹೊಸ ಬಾಗಿಲು ಕಂಪನಿಯಿಂದ ಬರಲ್ಲ. ಬೇರೆ ಪದ್ಮಿನಿಯ ಬಾಗಿಲು ತಂದರೂ ಸೀದಾ ಕೂರಲ್ಲ, ಯಾಕಂದ್ರೆ ಪ್ರತಿ ಕಾರೂ ಐವತ್ತು ವರ್ಷ ಅದರದ್ದೇ ರೀತಿಯಲ್ಲಿ ಬಾಗಿದೆ, ಗುದ್ದಿಸ್ಕೊಂಡಿದೆ, ರಿಪೇರಿ ಕಂಡಿದೆ. ಮೇಸ್ತ್ರಿ ತಗಡು ಕತ್ತರಿಸಿ, ಮರದ ಸುತ್ತಿಗೆಯಲ್ಲಿ ಬಡಿದು ತಳವನ್ನೇ ಮಾಡ್ತಾರೆ. ವಿಂಡೋ ಮೆಷಿನ್‌ನ ಹಲ್ಲು ಸವೆದಿದ್ರೆ ಲೇತ್ ಇರೋರ ಹತ್ತಿರ ಹೋಗುತ್ತೆ. ತ್ರಿಕೋನದ ಗಾಜು ಒಡೆದಿದ್ರೆ ಇನ್ನೂ ಕಷ್ಟ. ಟಫನ್ಡ್ ಗಾಜನ್ನ ಆಮೇಲೆ ಕತ್ತರಿಸೋಕಾಗಲ್ಲ, ಕತ್ತರಿಸಿದ್ರೆ ಪೂರ್ತಿ ಪುಡಿ. ಮೊದಲೇ ಅಳತೆಗೆ ಕತ್ತರಿಸಿ ಆಮೇಲೆ ಕಾಯಿಸಿ ಗಟ್ಟಿ ಮಾಡಿಸ್ಬೇಕು. ಜೋಡಿಸೋಕೆ ಹೊರಟವನು ತಯಾರಿಸ್ತಾ ಕೂರ್ತಾನೆ.

ಈ ಕೈಗಳು ಇಲ್ಲಿ ಬಂದಿದ್ದು ಹೇಗೆ? ಕಾರ್ಖಾನೆ ಇರೋ ಊರಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ಅನ್ನೋದು ಮನೆಮಾತು. ಮೇಸ್ತ್ರಿ ಕಾರ್ಖಾನೆ ನೌಕರರಲ್ಲ, ಆದ್ರೆ ವೆಲ್ಡಿಂಗ್ ಕಲಿಸಿದ ಅವರ ಗುರು ಅಲ್ಲಿನವರು. 1923ರ ಜನವರಿಯಲ್ಲಿ ಕಬ್ಬಿಣ ಹರಿದ ಆ ಕಾರ್ಖಾನೆ, ಅಂದ್ರೆ ಇವತ್ತಿನ ವಿಐಎಸ್‌ಎಲ್, ಮುಚ್ಚೋ ತೀರ್ಮಾನವನ್ನ ಸೇಲ್ ಸಂಸ್ಥೆ ತಗೊಂಡಿದ್ದು 2023ರ ಜನವರಿಯಲ್ಲಿ. ಸರಿಯಾಗಿ ನೂರು ವರ್ಷಕ್ಕೆ. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಶುರುವಾಯ್ತು. ಆದ್ರೆ ಕಾರ್ಖಾನೆ ಜೊತೆ ಊರಿನ ಕೈಚಳಕವೂ ಸೊರಗ್ತಿದೆ ಅನ್ನೋದು ಬ್ಯಾಲೆನ್ಸ್ ಶೀಟಲ್ಲಿ ಕಾಣಲ್ಲ. ಡಿಪ್ರಿಸಿಯೇಷನ್ ಯಂತ್ರಕ್ಕೆ ಹಾಕ್ತೀವಿ, ಕಲಿತ ಕೈಗೆ ಯಾವ ಕಾಲಂ ಇದೆ? ಮೇಸ್ತ್ರಿ ಹತ್ರ ಈಗ ಕೆಲಸ ಕಲೀತಿರೋ ಹುಡುಗ ಒಬ್ಬನೇ. ಅವನಿಗೂ ಬೆಂಗಳೂರಿಗೆ ಹೋಗೋ ಯೋಚನೆ.

ಕಾನೂನು ಹಳೇ ಕಾರಿಗೆ ಬೆಲೆ ಕೊಟ್ಟಿದೆ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ವಾಹನಕ್ಕೆ ‘ವಿಎ’ ಅಕ್ಷರದ ವಿಂಟೇಜ್ ನಂಬರ್ ಸಿಗುತ್ತೆ. ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. 1974ರ ಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಕಾರು ಮೂಲ ರೂಪದಲ್ಲಿರಬೇಕು ಅಂತ ನಿಯಮ ಇದೆ, ಅದನ್ನ ಹಾಗೆ ಉಳಿಸೋ ಮೇಸ್ತ್ರಿ ಉಳೀಬೇಕು ಅಂತ ಯಾವ ನಿಯಮವೂ ಇಲ್ಲ.

ಅದಕ್ಕೇ ಒಂದು ಕೆಲಸ ಹೇಳ್ತೀನಿ, ನಿಮ್ಮ ಕೈಲಿರೋ ಫೋನೇ ಸಾಕು. ನಿಮ್ಮೂರಲ್ಲಿ ಹಳೇ ಟಿಂಕರಿಂಗ್ ಶೆಡ್ ಇದ್ದರೆ ಹೋಗಿ, ಕೇಳಿ, ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ. ಯಾವ ಬಾಗಿಲು ಮೊದಲು, ಯಾಕೆ, ಗಾಜು ಜಾಮ್ ಆದ್ರೆ ಕೈ ಎಲ್ಲಿ ಹಾಕ್ತಾರೆ, ಬಾಗಿಲು ಹಾಕಿದ ಸದ್ದು ಹೇಗಿರ್ಬೇಕು. ಇದು ಯಾವ ಮ್ಯಾನುಯಲ್‌ನಲ್ಲೂ ಇಲ್ಲ.

ಈ ಸಂಚಿಕೆಯ ಆಡಿಯೊ ಕೊನೆಯಲ್ಲಿ ನಾಲ್ಕು ಸೆಕೆಂಡಿನ ಒಂದು ಸದ್ದು ಇದೆ. ಮೊದಲನೇದು ಸರಿಯಾಗಿ ಕೂರದ ಬಾಗಿಲು, ಎರಡನೇದು ಕೂತ ಬಾಗಿಲು. ಇಯರ್‌ಫೋನ್ ಹಾಕ್ಕೊಂಡು ಕೇಳಿ, ವ್ಯತ್ಯಾಸ ಗೊತ್ತಾಗುತ್ತೆ. ಮುಂದಿನ ವಾರ ಸಿಗೋಣ.