ಒಂದೇ ಹೆಸರಿನ ಎರಡು ಹಕ್ಕಿಗಳು

1834ನೆಯ ಇಸವಿಯಲ್ಲಿ ‘ಬೀಗಲ್’ ನೌಕೆಯು ಚಿಲಿ ದೇಶದ ವಾಲ್ಪರೈಸೊ ರೇವಿನಲ್ಲಿ ತಂಗಿದ್ದಾಗ, ಇಪ್ಪತ್ತೈದರ ಪ್ರಾಯದ ಚಾರ್ಲ್ಸ್ ಡಾರ್ವಿನ್ನನು ಆ ಸೀಮೆಯ ಎರಡು ಜಾತಿಯ ಝೇಂಕಾರ ಪಕ್ಷಿಗಳನ್ನು ಒಂದರೊಡನೊಂದಿಟ್ಟು ಹೋಲಿಸಿದನು. ಒಂದು, ಐದಾರು ಗ್ರಾಂ ತೂಗುವ ಹಸುರು ಬೆನ್ನಿನ ಅಲ್ಪಕಾಯದ ಹಕ್ಕಿ; ಬೇಸಗೆಯಲ್ಲಿ ಅದು ದಕ್ಷಿಣಕ್ಕೆ ಸರಿಯಲು, ಉತ್ತರದಿಂದ ಬಂದು ಅದರ ಸ್ಥಾನದಲ್ಲಿ ನೆಲೆಸುತ್ತಿದ್ದುದು ಅದರ ಮೂರುನಾಲ್ಕು ಪಟ್ಟು ಭಾರದ ದೈತ್ಯ ಪಕ್ಷಿ. ಹೂವಿನ ಮುಂದೆ ನೆಟ್ಟಗೆ ನಿಂತಂತೆ ತೇಲುತ್ತ, ಬಾಲವನ್ನು ಬಿಚ್ಚಿ ಮುಚ್ಚುತ್ತ, ರೆಕ್ಕೆಗಳನ್ನು ಮಾತ್ರ ಸಾವಕಾಶವಾಗಿ, ಆದರೆ ಬಲವಾಗಿ ಬಡಿಯುತ್ತಿದ್ದ ಈ ದೊಡ್ಡ ಹಕ್ಕಿಯಲ್ಲಿ, ಉಳಿದವುಗಳ ಝೇಂಕಾರಕ್ಕೆ ಕಾರಣವಾದ ಆ ಶೀಘ್ರಕಂಪನವೇ ಇಲ್ಲವೆಂಬುದನ್ನು ಅವನು ಗಮನಿಸಿದನು. ಜಠರಗಳನ್ನು ಕೊಯ್ದು ನೋಡಿದಾಗ ಎರಡರಲ್ಲಿಯೂ ಕೀಟಗಳ ಅವಶೇಷಗಳು ಹೇರಳವಾಗಿದ್ದುವು. ಮಕರಂದವೇ ಇವುಗಳ ಸರ್ವಸ್ವವೆಂಬ ಕವಿಸಮಯಕ್ಕೆ ಅಂದೇ ಪೆಟ್ಟು ಬಿದ್ದಿತೆನ್ನಬೇಕು.

ಹಸುರು ಬೆನ್ನಿನ ಹಕ್ಕಿಯು ದಕ್ಷಿಣದ ತುತ್ತತುದಿಯಲ್ಲಿ ಹಿಮಪಾತದ ನಡುವೆಯೂ ಹಾರಾಡುತ್ತಿದ್ದುದನ್ನು ಡಾರ್ವಿನ್ನನಿಗಿಂತ ಮೊದಲೇ ಕಂಡವನು ಕ್ಯಾಪ್ಟನ್ ಕಿಂಗ್. ಇಂಥ ಸೂಕ್ಷ್ಮದೃಷ್ಟಿಯುಳ್ಳ ನಾವಿಕನೇ, ಚಿಲಿಯ ಕಡಲಾಚೆಯ ವಾನ್ ಫರ್ನಾಂಡೆಸ್ ದ್ವೀಪದಲ್ಲಿ ವಾಸಿಸುವ ಅದರ ದಾಯಾದಿಯ ದಾಲ್ಚಿನ್ನಿ ಬಣ್ಣದ ಗಂಡನ್ನೂ ಹಸುರು ಹೆಣ್ಣನ್ನೂ ಎರಡು ಬೇರೆ ಜಾತಿಗಳೆಂದು ತಿಳಿದು, 1831ರಲ್ಲಿ ಎರಡು ಹೆಸರುಗಳನ್ನು ಕೊಟ್ಟಿದ್ದನು. ದಂಪತಿಗಳನ್ನು ಪರಕೀಯರನ್ನಾಗಿಸಿದ ಈ ಪ್ರಮಾದವು ಕಾಲಾಂತರದಲ್ಲಿ ತಿದ್ದಲ್ಪಟ್ಟಿತು.

ದೈತ್ಯ ಪಕ್ಷಿಯ ವಿಷಯದಲ್ಲಿ ನಡೆದುದು ಇದರ ವಿಪರ್ಯಾಸ. 1824ರಲ್ಲಿ ವಿಯೆಯೋ ಎಂಬ ಫ್ರೆಂಚ್ ಪಂಡಿತನು ಅದಕ್ಕಿತ್ತ ನಾಮವು ಆಂಡೀಸ್ ಪರ್ವತಗಳ ಉದ್ದಕ್ಕೂ ಇರುವ ಅಂಥ ಹಕ್ಕಿಗಳೆಲ್ಲಕ್ಕೂ ಸಂದಿತು. ಚಿಲಿಯ ಕರಾವಳಿಯಲ್ಲಿ ಮರಿಮಾಡುವ ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ. ಏಕೆಂದರೆ ಪೆರುವಿನ ಎತ್ತರದ ಕಣಿವೆಗಳಲ್ಲಿ ವರ್ಷವಿಡೀ ನೆಲೆಸಿರುವ, ನೋಟಕ್ಕೆ ಅಭಿನ್ನವಾದ ಸ್ಥಳೀಯರ ನಡುವೆ ಅವು ಬೆರೆತುಹೋದರೆ ಬಂದವರಾರು, ಇದ್ದವರಾರು ಎಂದು ಹೇಳಬಲ್ಲವರಾರು? ಕಡೆಗೆ ಹಕ್ಕಿಗಳ ಬೆನ್ನಿಗೆ ಅತಿಲಘುವಾದ ಯಂತ್ರಗಳನ್ನು ಕಟ್ಟಿ ಕಳುಹಿಸಿದ ಸಂಶೋಧಕರಿಗೆ, ಕಡಲ ಮಟ್ಟದಿಂದ ಹೊರಟ ಅವು, ಪರ್ವತಾರೋಹಿಗಳಂತೆ ನಡುನಡುವೆ ತಂಗಿ ತೆಳುಗಾಳಿಗೆ ಒಗ್ಗಿಕೊಳ್ಳುತ್ತ, 4,000 ಮೀಟರಿಗೂ ಮಿಕ್ಕ ಎತ್ತರವನ್ನೇರುವುದೂ, ಹೋಗಿಬರುವ ದಾರಿ 8,000 ಕಿಲೋಮೀಟರನ್ನು ಮೀರುವುದೂ ತಿಳಿದುಬಂದಿತು. ಅದಕ್ಕಿಂತ ಹೆಚ್ಚಿನ ಸೋಜಿಗವೆಂದರೆ, 2024ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯಂತೆ ಈ ವಲಸಿಗರೂ ಆ ಸ್ಥಾವರರೂ ಇಪ್ಪತ್ತು ಲಕ್ಷ ವರ್ಷಗಳಿಗೂ ಹಿಂದೆಯೇ ಬೇರ್ಪಟ್ಟ ಎರಡು ಜಾತಿಗಳು. ಅವುಗಳ ರಕ್ತದ ಗುಣವೂ ಭಿನ್ನ. ದೇಹಗಾತ್ರದಲ್ಲಿ ಉತ್ತರದ್ದೇ ಕೊಂಚ ಮೇಲು.

ಪೆರುವಿನ ಹಕ್ಕಿಗೆ ಅದೋಲ್ಫ್ ಬುಕಾರ್ ಎಂಬವನು 1893ರಲ್ಲಿಯೇ ಪ್ರತ್ಯೇಕ ನಾಮಕರಣ ಮಾಡಿದ್ದನು. ಪಕ್ಷಿಚರ್ಮಗಳ ವ್ಯಾಪಾರಿಯಾಗಿದ್ದ ಅವನಿತ್ತ ಹೆಸರನ್ನು ವಿದ್ವಾಂಸರು ಉಪಜಾತಿಯೊಂದರ ಹೆಸರೆಂದಷ್ಟೇ ಎಣಿಸಿದರು. 2024ರಲ್ಲಿ ಹೊಸ ಸಂಶೋಧಕರು ಇಂಕಾ ಅರಸರ ಓಲೆಕಾರರ ನೆನಪಿಗೆ ‘ಚಾಸ್ಕಿ’ ಎಂಬ ಹೆಸರನ್ನು ಸೂಚಿಸಲು, ಬುಕಾರನ ಹೆಸರೇ ಸಿಂಧುವೆಂದು ಬೇರೆ ಕೆಲವರು ವಾದಕ್ಕೆ ನಿಂತರು.