ಗೇಮಿನೊಳಗಿನ ರೋಮನ್ ಸಿಪಾಯಿಗೆ ಯಾವ ಬಟ್ಟೆ ಹಾಕೋಣ?

ರೋಮನ್ ಸೈನಿಕ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕೆಂಪು ಅಂಗಿ, ಬರಿಗಾಲು, ಎದೆಗೆ ಸುತ್ತಿದ ಕಬ್ಬಿಣದ ಪಟ್ಟಿಗಳು, ಬಾಗಿಲಿನಷ್ಟು ದೊಡ್ಡ ಆಯತಾಕಾರದ ಗುರಾಣಿ. ಆಸ್ಟರಿಕ್ಸ್ ಕಾಮಿಕ್ಸಿನಿಂದ ಹಿಡಿದು ಹಾಲಿವುಡ್ ಸಿನಿಮಾದವರೆಗೆ ಇದೇ ವೇಷ. ರೋಮ್ ನಗರದಲ್ಲಿ ಇವತ್ತೂ ನಿಂತಿರುವ ಟ್ರೇಜನ್ ಸ್ತಂಭದ ಮೇಲೆ ಕೆತ್ತಿದ್ದು ಇಂಥವರನ್ನೇ. ಅದು ಕ್ರಿ.ಶ. 113ರ ಸ್ತಂಭ. ಆದರೆ ಸ್ಟ್ರಾಟಜಿ ಗೇಮ್ ಮಾಡುವವರಿಗೆ ಹೆಚ್ಚು ಇಷ್ಟವಾಗುವುದು ಸಾಮ್ರಾಜ್ಯ ಕುಸಿಯುವ ಕಥೆ. ಅಂದರೆ 4 ಮತ್ತು 5ನೇ ಶತಮಾನ. ಟ್ರೇಜನ್ ಕಾಲದ ಸಿಪಾಯಿಯನ್ನು 378ರ ಏಡ್ರಿಯಾನೋಪಲ್ ಯುದ್ಧಕ್ಕೆ ಇಳಿಸುವುದು, ಟಿಪ್ಪುವಿನ ಸಿಪಾಯಿಗಳನ್ನು ಅದೇ ದಿರಿಸಿನಲ್ಲಿ ಕಾರ್ಗಿಲ್‌ಗೆ ಕಳಿಸಿದ ಹಾಗೆ. ಹಾಗೆ ನೋಡಿದರೆ ಅಲ್ಲಿ 200 ವರ್ಷದ ಅಂತರ, ಇಲ್ಲಿ 265.

ಹಾಗಂತ ಗೇಮ್‌ಗಳು ತಲೆ ಕೆಡಿಸಿಕೊಂಡಿಲ್ಲ ಅಂತಲ್ಲ. 'ರೋಮ್: ಟೋಟಲ್ ವಾರ್'ಗೆ 2005ರಲ್ಲಿ ಬಂದ 'ಬಾರ್ಬೇರಿಯನ್ ಇನ್‌ವೇಷನ್' ಮತ್ತು 2015ರ 'ಅಟಿಲಾ' ಈ ಕಾಲವನ್ನೇ ಹಿಡಿದವು. 'ಏಜ್ ಆಫ್ ಎಂಪೈರ್ಸ್ 2'ಕ್ಕೆ 2023ರಲ್ಲಿ ರೋಮನ್ನರು ಬಂದರು, ಅವರ ವಿಶೇಷ ಯೂನಿಟ್‌ನ ಹೆಸರು ಸೆಂಚೂರಿಯನ್. ಈ ಕಾಲದಲ್ಲೇ ಸೇನೆಯ ಬಗ್ಗೆ ಒಂದು ಕೈಪಿಡಿ ಬರೆದ ವೆಜಿಷಿಯಸ್, ಹಿಂದೆ ಸೆಂಚೂರಿಯನ್ ಅನ್ನುತ್ತಿದ್ದವರನ್ನು ಈಗ ಸೆಂಟೆನೇರಿಯಸ್ ಅನ್ನುತ್ತಾರೆ ಅಂತ ಬರೆದಿಟ್ಟಿದ್ದಾನೆ. ಆದರೆ ಸೆಂಟೆನೇರಿಯಸ್ ಅಂದರೆ ಯಾರು ಗೇಮ್ ಕೊಳ್ಳುತ್ತಾರೆ, ಬಿಡಿ.

ಸರಿ, ನೀವೇ ಒಂದು ಯೂನಿಟ್ ಡಿಸೈನ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ವರ್ಷ 370. ಬಟ್ಟೆ ಸುಲಭ. ಉದ್ದ ತೋಳಿನ ಅಂಗಿ, ಭುಜ ಮತ್ತು ಅಂಚಿನಲ್ಲಿ ನೇಯ್ದ ಗುಂಡು ಗುಂಡು ಅಲಂಕಾರ, ಕೆಳಗೆ ಪ್ಯಾಂಟು, ಅಗಲವಾದ ಸೊಂಟಪಟ್ಟಿ, ಮೇಲೊಂದು ಹೊದಿಕೆ. ಸಿಸಿಲಿಯ ಪಿಯಾಝಾ ಆರ್ಮೆರಿನಾದ ಬಂಗಲೆಯ ನೆಲದ ಮೇಲೆ ಬಣ್ಣದ ಕಲ್ಲುಗಳಲ್ಲಿ ಇಂಥವರು ಸಾಲಾಗಿ ಇದ್ದಾರೆ. ಕೈಯಲ್ಲಿ ಗಿಡ್ಡ ಕತ್ತಿಯ ಬದಲು ಉದ್ದನೆಯ ಸ್ಪಾಥಾ. ಗುರಾಣಿ ದುಂಡಗೆ ಅಥವಾ ಮೊಟ್ಟೆಯಾಕಾರ. ಅದರ ಹಿಂಬದಿಗೆ ಸೀಸದ ಗುಂಡು ಕೂರಿಸಿದ 5 ಎಸೆಯುವ ಬಾಣಗಳು, ಅಂದರೆ ಪ್ಲಂಬಾಟಾ. 'ಬಾರ್ಬೇರಿಯನ್ ಇನ್‌ವೇಷನ್' ಇದನ್ನು ಹಿಡಿದವರಿಗೆಂದೇ ಒಂದು ಪ್ರತ್ಯೇಕ ಯೂನಿಟ್ ಮಾಡಿತ್ತು. ಆದರೆ ಅದು ಮಾಮೂಲಿ ಕಾಲಾಳುಗಳೇ ಇಟ್ಟುಕೊಳ್ಳುತ್ತಿದ್ದ ಆಯುಧ.

ಶಿರಸ್ತ್ರಾಣದ ಹತ್ತಿರ ಸ್ವಲ್ಪ ನಿಲ್ಲಬೇಕು. ಹಳೆಯದನ್ನು ನುರಿತ ಕಮ್ಮಾರ ಒಂದೇ ತಗಡಿನಿಂದ ಬಟ್ಟಲಿನಂತೆ ಬಡಿದು ಮಾಡಬೇಕಿತ್ತು. ಹೊಸದರಲ್ಲಿ ಎರಡು ಅರ್ಧ ಚಿಪ್ಪುಗಳು, ನಡುವೆ ಒಂದು ಏಣು, ಸುತ್ತ ಮೊಳೆ. ಇದರ ಹಿಂದೆ ಇರುವುದು ಸರ್ಕಾರಿ ಕಾರ್ಖಾನೆಗಳ ಜಾಲ. ಸಾಮ್ರಾಜ್ಯದ ತುಂಬ 30ಕ್ಕೂ ಹೆಚ್ಚು ಊರುಗಳಲ್ಲಿ ಇವು ಇದ್ದವು. ಒಂದು ಊರಲ್ಲಿ ಬಾಣ, ಇನ್ನೊಂದರಲ್ಲಿ ಗುರಾಣಿ, ಮತ್ತೊಂದರಲ್ಲಿ ಕವಚ. 398ರ ಒಂದು ಕಾನೂನು ಇಲ್ಲಿನ ಕೆಲಸಗಾರರ ತೋಳಿಗೆ ಮುದ್ರೆ ಹಾಕಿ ಅನ್ನುತ್ತದೆ, ಓಡಿಹೋದರೆ ಗುರುತು ಸಿಗಲಿ ಅಂತ. ಇಷ್ಟಾದರೂ ಶಿರಸ್ತ್ರಾಣಗಳೆಲ್ಲ ಬಡವಾಗಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಡರ್ನಾ ಹತ್ತಿರ 1910ರಲ್ಲಿ ಜೌಗುಮಣ್ಣು ಅಗೆಯುವಾಗ ಸಿಕ್ಕಿದ್ದಕ್ಕೆ ಚಿನ್ನದ ಲೇಪದ ಬೆಳ್ಳಿಯ ಹೊದಿಕೆ ಇತ್ತು, ಮೇಲೆ ಸ್ಟಾಬ್ಲೇಸಿಯಾನಿ ಎಂಬ ಕುದುರೆ ಪಡೆಯ ಹೆಸರು. ಈಗ ಅದು ಲೈಡನ್‌ನ ಮ್ಯೂಸಿಯಮ್ಮಿನಲ್ಲಿದೆ.

ಎದೆಗವಚದ ವಿಷಯಕ್ಕೆ ಬಂದರೆ ಜಗಳ ಶುರು. ಗ್ರೇಷಿಯನ್ ಚಕ್ರವರ್ತಿಯ ಕಾಲದಿಂದ ಕಾಲಾಳುಗಳು ಕವಚ, ಶಿರಸ್ತ್ರಾಣ ಎರಡನ್ನೂ ಬಿಟ್ಟರು, ಸೋಮಾರಿಗಳಾದರು ಅಂತ ವೆಜಿಷಿಯಸ್ ಗೊಣಗುತ್ತಾನೆ. ಗ್ರೇಷಿಯನ್ ಆಳಿದ್ದು 367ರಿಂದ 383. ಈ ಒಂದು ಸಾಲು ನಂಬಿಕೊಂಡು ಎಷ್ಟೋ ಗೇಮ್‌ಗಳ ಕೊನೆಗಾಲದ ರೋಮನ್ನರು ಅಂಗಿ ಮೇಲೇ ಯುದ್ಧಕ್ಕೆ ಹೋಗುತ್ತಾರೆ. ಆದರೆ ವೆಜಿಷಿಯಸ್ ಬರೆಯುತ್ತಿದ್ದದ್ದು 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಅನ್ನುವ ಜಾತಿಯ ಪುಸ್ತಕ. ಅದೇ ಕಾಲದ ಅಮ್ಮಿಯಾನಸ್ ಮಾರ್ಸೆಲಿನಸ್ ಹಾಗಲ್ಲ. ಆತ ಅಧಿಕಾರಿಯಾಗಿ ಸೇನೆಯಲ್ಲಿದ್ದವನು. 359ರಲ್ಲಿ ಪರ್ಷಿಯನ್ನರು ಅಮಿಡಾ ಕೋಟೆಯನ್ನು ಮುರಿದಾಗ ರಾತ್ರಿ ತಪ್ಪಿಸಿಕೊಂಡು ಬದುಕಿದವನು. 378ರ ಆಗಸ್ಟ್ 9ರ ಏಡ್ರಿಯಾನೋಪಲ್ ವರ್ಣಿಸುವಾಗ, ಬಿಸಿಲು, ಹಸಿವು, ಬಾಯಾರಿಕೆಯ ಜೊತೆಗೆ ಕವಚದ ಭಾರಕ್ಕೂ ರೋಮನ್ನರು ಬಸವಳಿದಿದ್ದರು ಅನ್ನುತ್ತಾನೆ. ಅದು ಗ್ರೇಷಿಯನ್ನನ ಕಾಲವೇ! ನನ್ನ ಮತ ಅಮ್ಮಿಯಾನಸ್‌ಗೆ. ಕವಚ ಹಾಕಿ. ಬೇಕಿದ್ದರೆ ಆಯಾಸದ ಪಟ್ಟಿಯನ್ನು ಬೇಗ ಇಳಿಸಿ, ಯಾಕೆಂದರೆ ಅವತ್ತು ಅವರು ಸೋತದ್ದರಲ್ಲಿ ಅದರ ಪಾಲು ಸಾಕಷ್ಟಿದೆ.

ಗುರಾಣಿಯ ಚಿತ್ರಕ್ಕೆ ಎಲ್ಲರೂ ಓಡುವುದು 'ನೊಟೀಷಿಯಾ ಡಿಗ್ನಿಟಾಟಮ್' ಕಡೆಗೆ. ಸುಮಾರು 400ರ ಆಸುಪಾಸಿನ, ಸಾಮ್ರಾಜ್ಯದ ಹುದ್ದೆಗಳ ಮತ್ತು ಪಡೆಗಳ ಪಟ್ಟಿ ಅದು. ಈಗಿನ ಭಾಷೆಯಲ್ಲಿ ಆರ್ಗ್ ಚಾರ್ಟ್ ಅನ್ನಬಹುದು. ಪುಟಗಟ್ಟಲೆ ಬಣ್ಣದ ಗುರಾಣಿಗಳು, ಒಂದಂತೂ ಥೇಟ್ ಯಿನ್-ಯಾಂಗ್ ಗುರುತಿನ ಹಾಗಿದೆ. ತೊಂದರೆ ಏನೆಂದರೆ ಮೂಲ ಇಲ್ಲ. ಜರ್ಮನಿಯ ಸ್ಪೈಯರ್‌ನಲ್ಲಿದ್ದ ಹಳೆಯ ಪ್ರತಿಯೂ ಕಳೆದುಹೋಗಿದೆ. ನಮಗೆ ಉಳಿದಿರುವುದು 15, 16ನೇ ಶತಮಾನದಲ್ಲಿ ಅದರಿಂದ ತೆಗೆದ ನಕಲುಗಳು. ಎಷ್ಟು ಚಿತ್ರ ನಿಜವಾದ ಗುರಾಣಿಯದು, ಎಷ್ಟು ಚಿತ್ರಕಾರನ ಕೈಚಳಕ ಅಂತ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಆದರೂ ಬಳಸಿ. ಬೇರೆ ದಾರಿ ಇಲ್ಲ, ನೋಡೋಕೂ ಚೆನ್ನಾಗಿದೆ.

ಯೂನಿಟ್‌ನ ಗಾತ್ರದ ಬಗ್ಗೆ ಒಂದೇ ಮಾತು. ಲೀಜನ್ ಅಂದರೆ 5000 ಜನ ಅನ್ನುವುದನ್ನು ಮರೆತುಬಿಡಿ, ಈ ಕಾಲಕ್ಕೆ ಅದು ಸುಮಾರು 1000 ಇರಬಹುದು. ಅಮಿಡಾದ ಗೋಡೆಯೊಳಗೆ 7 ಲೀಜನ್‌ಗಳಿದ್ದವು ಅಂತ ಅಮ್ಮಿಯಾನಸ್ ಹೇಳುತ್ತಾನೆ. ಹಳೆ ಲೆಕ್ಕದಲ್ಲಿ ಅಷ್ಟು ಜನರಿಗೆ ಆ ಊರಲ್ಲಿ ನಿಲ್ಲಲೂ ಜಾಗ ಸಾಲುತ್ತಿರಲಿಲ್ಲ.

ಇಲ್ಲಿಯವರೆಗಿನದು ಕಲಾವಿದರ ಕೆಲಸ. ನಿಜವಾದ ಇತಿಹಾಸ ಕೂತಿರುವುದು ಅಂಕಿಗಳಲ್ಲಿ: ಯಾವ ಯೂನಿಟ್‌ಗೆ ಎಷ್ಟು ಬೆಲೆ, ಎಷ್ಟು ಧೈರ್ಯ, ಯಾವುದು 'ರೋಮನ್' ಪಟ್ಟಿಯಲ್ಲಿ, ಯಾವುದು 'ಬಾರ್ಬೇರಿಯನ್' ಪಟ್ಟಿಯಲ್ಲಿ. ಈ ಎರಡು ಪಟ್ಟಿ ಮಾಡಿದ ಕ್ಷಣವೇ ನೀವೊಂದು ಕಥೆ ಹೇಳಿಬಿಟ್ಟಿರಿ. ರೋಮನ್ನರು ಶಿಸ್ತಿನವರು, ಹೊರಗಿನವರು ಕಾಡುಜನ, ಹೊರಗಿನವರನ್ನು ಒಳಗೆ ಬಿಟ್ಟದ್ದಕ್ಕೇ ಮನೆ ಬಿತ್ತು ಅಂತ. ನಮ್ಮ ಕಾಲದಲ್ಲೂ ಬಹಳ ಜನಕ್ಕೆ ಹಿಡಿಸುವ ಕಥೆ. 357ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲಿಯನ್ 13,000 ಜನರನ್ನು ಇಟ್ಟುಕೊಂಡು ಅಲಮಾನ್ನಿಗಳನ್ನು ಸೋಲಿಸಿದ. ಅಲ್ಲಿ ಸಾಲು ಮುರಿಯದಂತೆ ತಡೆದವರಲ್ಲಿ ಕಾರ್ನೂಟಿ, ಬ್ರಾಕಿಯಾಟಿ, ಬಟಾವಿ ಎಂಬ ಪಡೆಗಳಿದ್ದವು. ರೈನ್ ನದಿಯ ಆಸುಪಾಸಿನ ಜರ್ಮನ್ ಮೂಲದವರು ಇವುಗಳಲ್ಲಿ ಬೇಕಾದಷ್ಟಿದ್ದರು. ಅವರು ಎತ್ತಿದ ರಣಕೂಗು ಬಾರಿಟಸ್ ಕೂಡ ಅಲ್ಲಿಯದೇ: ಪಿಸುದನಿಯಲ್ಲಿ ಶುರುವಾಗಿ, ಬಂಡೆಗೆ ಅಪ್ಪಳಿಸುವ ಅಲೆಯಷ್ಟು ಎತ್ತರಕ್ಕೆ ಏರುವಂಥದ್ದು. ನಿಮ್ಮ ಸೌಂಡ್ ಡಿಸೈನರ್‌ಗೆ ಹೇಳಿ. ಎದುರಾಳಿಗಳೂ ಜರ್ಮನ್ನರು, ಸಾಮ್ರಾಜ್ಯ ಉಳಿಸಿದವರೂ ಜರ್ಮನ್ನರು. ಅವರನ್ನು ಯಾವ ಪಟ್ಟಿಗೆ ಹಾಕುತ್ತೀರಿ?

ಹಾಕಿದ್ದವರೂ ಇದ್ದರು, ಆ ಕಾಲದಲ್ಲೇ. ಪಶ್ಚಿಮದ ಸೇನೆಯನ್ನು ವರ್ಷಗಟ್ಟಲೆ ನಡೆಸಿದ ಸ್ಟಿಲಿಕೋನ ಅಪ್ಪ ವ್ಯಾಂಡಲ್. 408ರ ಆಗಸ್ಟ್ 22ರಂದು ರಾವೆನ್ನಾದಲ್ಲಿ ಅವನ ತಲೆ ಕಡಿದರು. ಆಮೇಲೆ ಇಟಲಿಯ ಊರುಗಳಲ್ಲಿದ್ದ ರೋಮನ್ ಸೈನಿಕರು, ತಮ್ಮದೇ ಸೇನೆಯಲ್ಲಿ ದುಡಿಯುತ್ತಿದ್ದ ಬಾರ್ಬೇರಿಯನ್ ಸೈನಿಕರ ಹೆಂಡತಿ ಮಕ್ಕಳ ಮೇಲೆ ಬಿದ್ದು ಕೊಂದರು. ಗಂಡಸರು 30,000ಕ್ಕೂ ಹೆಚ್ಚು ಜನ ಒಟ್ಟಾಗಿ ಅಲಾರಿಕ್‌ನ ಕಡೆ ಸೇರಿದರು ಅಂತ ಜೋಸಿಮಸ್ ಬರೆಯುತ್ತಾನೆ. ಆತ ಸುಮಾರು 100 ವರ್ಷದ ನಂತರದವನು, ಸಂಖ್ಯೆ ಉಬ್ಬಿರಬಹುದು. ಎರಡು ವರ್ಷದ ನಂತರ, 410ರ ಆಗಸ್ಟ್ 24ರಂದು ಅಲಾರಿಕ್ ರೋಮ್ ನಗರಕ್ಕೆ ನುಗ್ಗಿದ. ಗೇಮಿನಲ್ಲಿ 'ಫೆಡರೇಟ್ ಪಡೆ: ಅಗ್ಗ, ನಿಷ್ಠೆ ಕಡಿಮೆ' ಅಂತ ಬರೆದಾಗ, ಆ ನಿಷ್ಠೆ ಯಾಕೆ ಕಡಿಮೆಯಾಯಿತು ಅನ್ನುವ ಭಾಗವೇ ಕಾಣೆಯಾಗಿರುತ್ತದೆ. ನನ್ನ ಕೇಳಿದರೆ ನಿಷ್ಠೆ ಯೂನಿಟ್‌ನ ಹುಟ್ಟುಗುಣ ಆಗಬಾರದು, ಆಟಗಾರ ನಡೆದುಕೊಂಡ ಹಾಗೆ ಏರಿಳಿಯಬೇಕು.

ಗೇಮ್‌ಗಳಲ್ಲಿ ಇನ್ನೊಂದು ಬಡಪಾಯಿ ಯೂನಿಟ್ ಲಿಮಿಟಾನೆಯಿ, ಅಂದರೆ ಗಡಿಪಡೆ. ಯಾವಾಗಲೂ ಅತಿ ಅಗ್ಗ, ಎರಡು ಏಟಿಗೆ ಓಟ. ಅರ್ಧ ರೈತರು, ಅರ್ಧ ಸಿಪಾಯಿಗಳು ಅನ್ನುವ ಹಳೆಯ ಅಭಿಪ್ರಾಯದ ನೆರಳು ಇದು. ಗಡಿಪಡೆಯ ಜಮೀನಿನ ಬಗ್ಗೆ ಸ್ಪಷ್ಟವಾಗಿ ಮಾತಾಡುವ ಕಾನೂನು ಬರುವುದು 443ರಲ್ಲಿ, ತೀರಾ ತಡವಾಗಿ. 4ನೇ ಶತಮಾನದಲ್ಲಿ ಅವರು ಸಂಬಳದ ಸೈನಿಕರೇ. ಈಜಿಪ್ಟಿನ ಫಯೂಮ್‌ನಲ್ಲಿ 340ರ ದಶಕದಲ್ಲಿ ಒಂದು ಕುದುರೆ ಪಡೆಯ ಮುಖ್ಯಸ್ಥನಾಗಿದ್ದ ಅಬಿನ್ನಿಯಸ್‌ನ ಕಾಗದಪತ್ರಗಳು ಪಪೈರಸ್ ಮೇಲೆ ಉಳಿದುಬಂದಿವೆ, ಸುಮಾರು 80. ಓದಿದರೆ ನಮ್ಮ ಆಫೀಸುಗಳೇ ನೆನಪಾಗುತ್ತವೆ. 33 ವರ್ಷ ಸರ್ವಿಸ್ ಮಾಡಿ, ಚಕ್ರವರ್ತಿಯ ಆದೇಶದ ಮೇಲೆ ಈ ಪೋಸ್ಟಿಂಗ್ ತೆಗೆದುಕೊಂಡು ಬಂದರೆ, ಇನ್ನೂ ಕೆಲವರು ಅಂಥದೇ ಪತ್ರ ಹಿಡಿದು ಬಂದಿದ್ದಾರೆ ಅಂತ ಮೇಲಧಿಕಾರಿ ಹೇಳುತ್ತಾನೆ. ಅವರದೆಲ್ಲ ವಶೀಲಿ, ನನ್ನದು ಮಾತ್ರ ನಿಜವಾದ ನೇಮಕ ಅಂತ ಇವನು ಚಕ್ರವರ್ತಿಗಳಿಗೆ ಅರ್ಜಿ ಹಾಕುತ್ತಾನೆ. ಆ ಕಟ್ಟಿನಲ್ಲೇ ಕಾವೊರ್ ಎಂಬ ಪಾದ್ರಿಯ ಒಂದು ಪತ್ರವಿದೆ. ಪೌಲ್ ಎಂಬ ಸಿಪಾಯಿ ಪಡೆ ಬಿಟ್ಟು ಓಡಿಹೋಗಿದ್ದಾನೆ. ಇದೊಂದು ಸಲ ಕ್ಷಮಿಸಿ, ಮತ್ತೆ ಹೀಗೆ ಮಾಡಿದರೆ ನಿಮ್ಮ ಕೈಗೆ ಸಿಕ್ಕೇ ಸಿಗುತ್ತಾನೆ ಅನ್ನುವುದು ಅವನ ಬೇಡಿಕೆ.

ಓಡಿಹೋಗುವುದು ಅಪರೂಪವೇನಲ್ಲ. ಸೈನಿಕನ ಮಗ ಸೈನಿಕನೇ ಆಗಬೇಕು ಅನ್ನುವ ಕಾನೂನಿತ್ತು. ತಪ್ಪಿಸಿಕೊಳ್ಳಲು ಹುಡುಗರು ಹೆಬ್ಬೆರಳು ಕತ್ತರಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿದವರನ್ನು ಸುಡಿ ಅಂತ ವ್ಯಾಲೆಂಟಿನಿಯನ್ ಕಾನೂನು ಮಾಡಿದ; 381ರಲ್ಲಿ ಥಿಯೊಡೋಷಿಯಸ್, ಬೆರಳಿಲ್ಲದವರಾದರೂ ಸೇರಲಿ, ಒಬ್ಬ ಗಟ್ಟಿ ಆಳಿನ ಬದಲು ಅಂಥವರು ಇಬ್ಬರನ್ನು ಕೊಡಿ ಅಂದ. ಜಮೀನುದಾರರಿಂದ ಆಳಿನ ಬದಲು ಚಿನ್ನ ಕಟ್ಟಿಸಿಕೊಳ್ಳುವ ಪದ್ಧತಿಯೂ ಇತ್ತು. 375ರ ಕಾನೂನಿನಲ್ಲಿ ಅದರ ದರ 36 ಸಾಲಿಡಸ್. (ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಇದೇ ಸರಣಿಯ, ಸ್ವಲ್ಪ ನಂತರದ ಚಿನ್ನದ ನಾಣ್ಯಗಳು ಸಿಕ್ಕಿವೆ.) ಗೇಮಿನಲ್ಲಿ ಬಟನ್ ಒತ್ತಿದರೆ ಮುಂದಿನ ಟರ್ನ್‌ಗೆ ಪಡೆ ತಯಾರು. ಅಲ್ಲಿ ಸಾಮ್ರಾಜ್ಯದ ಅರ್ಧ ತಲೆನೋವು ಇದೇ ಆಗಿತ್ತು.

ಸಂಬಳ ನಿಂತರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ದಾಖಲೆ ಇದೆ. ಡ್ಯಾನ್ಯೂಬ್ ದಂಡೆಯ ಬಟಾವಿಸ್ ಎಂಬ ಊರು. ಹಿಂದೊಮ್ಮೆ ಅಲ್ಲಿ ಬೀಡುಬಿಟ್ಟ ಬಟಾವಿ ಪಡೆಯಿಂದಲೇ ಆ ಹೆಸರು; ಈಗ ಜರ್ಮನಿಯ ಪಸ್ಸಾವ್. 482ರಲ್ಲಿ ತೀರಿಕೊಂಡ ಸಂತ ಸೆವೆರೀನಸ್‌ನ ಚರಿತ್ರೆಯನ್ನು ಅವನ ಶಿಷ್ಯ ಯೂಜಿಪ್ಪಿಯಸ್ ಬರೆದಿದ್ದಾನೆ. ಅದರ ಪ್ರಕಾರ, ಸರ್ಕಾರಿ ಸಂಬಳ ನಿಂತ ಮೇಲೆ ಗಡಿಯ ಪಡೆಗಳು ಒಂದೊಂದಾಗಿ ಚದುರಿಹೋದವು. ಬಟಾವಿಸ್‌ನ ಪಡೆ ಮಾತ್ರ ಹೇಗೋ ಉಳಿದಿತ್ತು. ಅವರಲ್ಲಿ ಕೆಲವರು, ಸಂಗಾತಿಗಳಿಗೆ ಬರಬೇಕಿದ್ದ ಕೊನೆಯ ಸಂಬಳ ತರುತ್ತೇವೆ ಅಂತ ಇಟಲಿಗೆ ಹೊರಟರು. ದಾರಿಯಲ್ಲಿ ಅವರನ್ನು ಕೊಂದರು, ಊರಿಗೆ ಸುದ್ದಿಯೂ ಬರಲಿಲ್ಲ. ಒಂದು ದಿನ ಓದುತ್ತಾ ಕೂತಿದ್ದ ಸೆವೆರೀನಸ್ ಪುಸ್ತಕ ಮುಚ್ಚಿ, ಬೇಗ ನದಿಗೆ ಹೋಗಿ ನೋಡಿ ಅಂದನಂತೆ. ಹೆಣಗಳು ನೀರಿನಲ್ಲಿ ತೇಲಿ ಬಂದಿದ್ದವು.

ಈ ಪಡೆಯನ್ನು ಗೇಮಿಗೆ ಹಾಕಬೇಕು ಅಂತ ನನಗೆ ಆಸೆ. ಆದರೆ ಅವರ ಗುರಾಣಿಯ ಚಿತ್ರ ನೊಟೀಷಿಯಾದಲ್ಲಿ ಸಿಗುವುದಿಲ್ಲ. ಗಡಿಪಡೆಗಳ ಪುಟಗಳಲ್ಲಿ ಗುರಾಣಿಗಳೇ ಇಲ್ಲ, ಬರೀ ಪುಟ್ಟ ಪುಟ್ಟ ಕೋಟೆಗಳಿವೆ.