ಛಾಯಾಚಿತ್ರ ಸಂಸ್ಕರಣೆ

ಛಾಯಾಚಿತ್ರ ಸಂಸ್ಕರಣೆ ಎಂದರೆ ಕ್ಯಾಮೆರಾದಲ್ಲಿ ಸೆರೆಹಿಡಿದ ಚಿತ್ರದ ಬೆಳಕು, ಬಣ್ಣ, ಚೌಕಟ್ಟು ಮತ್ತು ಸ್ಪಷ್ಟತೆಗಳನ್ನು ಅನಂತರ ತಂತ್ರಾಂಶದ ನೆರವಿನಿಂದ ಸರಿಪಡಿಸುವ ಕ್ರಿಯೆ. ಇದನ್ನು ಫೋಟೋ ಎಡಿಟಿಂಗ್ ಎಂದೂ ಕರೆಯಲಾಗುತ್ತದೆ. ಹೊಸದಾಗಿ ಛಾಯಾಗ್ರಹಣ ಕಲಿಯುವವರು ಇಲ್ಲಿ ಎರಡು ಸಂಗತಿಗಳನ್ನು ಅರಿಯಬೇಕಾಗುತ್ತದೆ: ಮೊದಲನೆಯದು ಉಪಕರಣಗಳ ಬಳಕೆ, ಎರಡನೆಯದು ಯಾವ ಬದಲಾವಣೆ ಚಿತ್ರವನ್ನು ಸರಿಪಡಿಸುತ್ತದೆ, ಯಾವುದು ಅದರ ದಾಖಲೆಯ ಮೌಲ್ಯವನ್ನು ಕೆಡಿಸುತ್ತದೆ ಎಂಬ ವಿವೇಚನೆ. ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಪಕ್ಷಿಧಾಮ, ಪ್ರಾಚೀನ ದೇವಾಲಯ ಮತ್ತು ಶಾಸನಗಳು ಇರುವುದರಿಂದ ಈ ಲೇಖನದ ಉದಾಹರಣೆಗಳನ್ನು ಅಲ್ಲಿಂದ ಆರಿಸಲಾಗಿದೆ.

ಹಿನ್ನೆಲೆ

ಸಂಸ್ಕರಣೆ ಕಂಪ್ಯೂಟರಿನೊಂದಿಗೆ ಹುಟ್ಟಿದ ವಿದ್ಯೆಯಲ್ಲ. ಫಿಲ್ಮ್ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಮುದ್ರಿಸುವಾಗ ಚಿತ್ರದ ಒಂದು ಭಾಗಕ್ಕೆ ಬೆಳಕನ್ನು ತಡೆದು ಅದನ್ನು ತಿಳಿಯಾಗಿಸುವುದು, ಮತ್ತೊಂದು ಭಾಗಕ್ಕೆ ಹೆಚ್ಚು ಬೆಳಕು ಬಿಟ್ಟು ಗಾಢವಾಗಿಸುವುದು ರೂಢಿಯಲ್ಲಿತ್ತು. ಸ್ಟುಡಿಯೋಗಳಲ್ಲಿ ನೆಗೆಟಿವ್‌ಗಳ ಮೇಲೆ ಪೆನ್ಸಿಲ್‌ನಿಂದ ತಿದ್ದುವ ಪದ್ಧತಿಯೂ ಇತ್ತು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಾದ ಒ. ಸಿ. ಎಡ್ವರ್ಡ್ಸ್ ಹಾಗೂ ಅವರ ಶಿಷ್ಯ ಟಿ. ಎನ್. ಎ. ಪೆರುಮಾಳ್ ಫಿಲ್ಮ್ ಕಾಲದ ಈ ಪರಂಪರೆಗೆ ಸೇರಿದವರು. 1990ರಲ್ಲಿ ಅಡೋಬಿ ಫೋಟೋಶಾಪ್‌ನ ಮೊದಲ ಆವೃತ್ತಿ ಬಂದಿತು. ಉಚಿತ ಹಾಗೂ ಮುಕ್ತ ತಂತ್ರಾಂಶಗಳಲ್ಲಿ ಜಿಂಪ್ 1996ರಲ್ಲಿಯೂ ಡಾರ್ಕ್‌ಟೇಬಲ್ 2009ರಲ್ಲಿಯೂ ಬಿಡುಗಡೆಯಾದವು. ಮೊಬೈಲ್ ಬಳಕೆದಾರರಲ್ಲಿ ಸ್ನ್ಯಾಪ್‌ಸೀಡ್ ಜನಪ್ರಿಯವಾಗಿದೆ.

ಕಡತದ ಸ್ವರೂಪ

ಸಾಮಾನ್ಯ ಜೆಪೆಗ್ ಕಡತವು 8 ಬಿಟ್‌ನದು. ಕೆಂಪು, ಹಸಿರು, ನೀಲಿ ಎಂಬ ಪ್ರತಿಯೊಂದು ಬಣ್ಣಕ್ಕೂ ಅದರಲ್ಲಿ 256 ಹಂತಗಳಿರುತ್ತವೆ. 14 ಬಿಟ್‌ನ ರಾ ಕಡತದಲ್ಲಿ ಹಂತಗಳ ಸಂಖ್ಯೆ 16,384. ಆದ್ದರಿಂದ ನೆರಳಿನಲ್ಲಿ ಅಡಗಿದ ವಿವರಗಳನ್ನು ರಾ ಕಡತದಿಂದ ಹೊರತರುವುದು ಸುಲಭ. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದರೆ ಪ್ರತಿ ಬಾರಿಯೂ ಸ್ವಲ್ಪ ಗುಣಮಟ್ಟ ನಷ್ಟವಾಗುತ್ತದೆ. ಡಾರ್ಕ್‌ಟೇಬಲ್‌ನಂಥ ತಂತ್ರಾಂಶಗಳು ಮೂಲ ಕಡತವನ್ನು ಮುಟ್ಟದೆ ತಿದ್ದುಪಡಿಗಳ ಪಟ್ಟಿಯನ್ನಷ್ಟೇ ಪ್ರತ್ಯೇಕವಾಗಿ ಕಾಪಾಡುತ್ತವೆ. ಜಿಂಪ್‌ನಲ್ಲಿ ಕೆಲಸ ಮಾಡುವವರು ಮೂಲ ಚಿತ್ರದ ಪ್ರತಿಯೊಂದನ್ನು ಮೊದಲೇ ಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ.

ಸಂಸ್ಕರಣೆಯ ಕ್ರಮ

ಆರಂಭಿಕರಿಗೆ ಈ ಕೆಳಗಿನ ಅನುಕ್ರಮ ಅನುಕೂಲಕರ:

1. ಒಂದೇ ದೃಶ್ಯದ ಹಲವು ಚಿತ್ರಗಳಲ್ಲಿ ಉತ್ತಮವಾದುದನ್ನು ಆರಿಸುವುದು. ಫೋಕಸ್ ತಪ್ಪಿದ ಚಿತ್ರವನ್ನು ಸಂಸ್ಕರಣೆ ಪೂರ್ಣವಾಗಿ ಉಳಿಸಲಾರದು.
2. ವಾಲಿದ ಚಿತ್ರವನ್ನು ನೇರವಾಗಿಸಿ, ಅನಗತ್ಯ ಅಂಚುಗಳನ್ನು ಕತ್ತರಿಸುವುದು.
3. ವೈಟ್ ಬ್ಯಾಲೆನ್ಸ್ ಹೊಂದಿಸುವುದು. ಮೋಡ ಕವಿದ ದಿನದ ಚಿತ್ರಗಳಲ್ಲಿ ನೀಲಿ ಛಾಯೆಯೂ, ಬಲ್ಬಿನ ಬೆಳಕಿನವುಗಳಲ್ಲಿ ಹಳದಿ ಛಾಯೆಯೂ ಕಾಣಬಹುದು.
4. ಹಿಸ್ಟೋಗ್ರಾಮ್ ನೋಡಿಕೊಂಡು ಎಕ್ಸ್‌ಪೋಷರ್ ಮತ್ತು ಕಾಂಟ್ರಾಸ್ಟ್ ಸರಿಪಡಿಸುವುದು. ಹಿಸ್ಟೋಗ್ರಾಮ್‌ನ ಎಡ ತುದಿ ಕಪ್ಪನ್ನು, ಬಲ ತುದಿ ಬಿಳಿಯನ್ನು ಸೂಚಿಸುತ್ತದೆ.
5. ಬಣ್ಣದ ಗಾಢತೆಯನ್ನು ಮಿತವಾಗಿ ಬದಲಿಸುವುದು.
6. ನಾಯ್ಸ್ ತಗ್ಗಿಸಿ, ಕೊನೆಯಲ್ಲಿ ಶಾರ್ಪನಿಂಗ್ ಮಾಡುವುದು.

ಪರದೆಯ ಪ್ರಕಾಶ ಅತಿಯಾಗಿದ್ದರೆ ಚಿತ್ರವನ್ನು ಅಗತ್ಯಕ್ಕಿಂತ ಕಪ್ಪಾಗಿಸುವ ಸಂಭವವಿರುವುದರಿಂದ ಕಣ್ಣಿನ ಅಂದಾಜಿಗಿಂತ ಹಿಸ್ಟೋಗ್ರಾಮ್ ಹೆಚ್ಚು ನಂಬಲರ್ಹ.

ಉದಾಹರಣೆಗಳು

ಗುಡವಿ: ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಬಿಳಿ ಕೆಂಬರಲು ಮೊದಲಾದ ನೀರುಹಕ್ಕಿಗಳು ಗೂಡು ಕಟ್ಟಲು ಬರುತ್ತವೆ. ಬಿಳಿ ಕೆಂಬರಲಿನ ಮೈ ಬಿಳಿ, ತಲೆ ಮತ್ತು ಕತ್ತು ಕಪ್ಪು, ಹಿನ್ನೆಲೆ ಗಾಢ ಹಸಿರು. ಕ್ಯಾಮೆರಾ ಹಿನ್ನೆಲೆಯ ಕತ್ತಲನ್ನು ಗಣಿಸಿ ಬೆಳಕನ್ನು ಹೆಚ್ಚಿಸಿದಾಗ ಗರಿಗಳು ಅಚ್ಚಬಿಳಿಯ ಕಲೆಯಾಗುತ್ತವೆ. ಮೂರೂ ಬಣ್ಣಗಳು ಗರಿಷ್ಠ ಮಟ್ಟ ಮುಟ್ಟಿದ ಮೇಲೆ ಅಲ್ಲಿ ವಿವರವೇ ಉಳಿದಿರುವುದಿಲ್ಲ; ಹೈಲೈಟ್ ತಗ್ಗಿಸಿದರೆ ಬಿಳಿ ಬೂದಿಯಾಗುತ್ತದೆಯೇ ಹೊರತು ಗರಿ ಮರಳಿ ಬರುವುದಿಲ್ಲ. ಆದ್ದರಿಂದ ಚಿತ್ರವನ್ನು ತುಸು ಕಡಿಮೆ ಬೆಳಕಿನಲ್ಲಿ ತೆಗೆದು, ಅನಂತರ ನೆರಳಿನ ಭಾಗವನ್ನು ಮಾತ್ರ ತಿಳಿಯಾಗಿಸುವುದು ಸೂಕ್ತ.

ಬಳ್ಳಿಗಾವಿ: ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಂಥ ಕಟ್ಟಡವನ್ನು ಹತ್ತಿರದಿಂದ ಕ್ಯಾಮೆರಾ ಮೇಲೆತ್ತಿ ತೆಗೆದರೆ ಗೋಡೆ, ಶಿಖರಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಪರ್ಸ್ಪೆಕ್ಟಿವ್ ತಿದ್ದುಪಡಿಯಿಂದ ಲಂಬರೇಖೆಗಳು ನೇರವಾಗುತ್ತವೆ. ಈ ತಿದ್ದುಪಡಿಯಲ್ಲಿ ಚಿತ್ರದ ಅಂಚುಗಳು ಕಳೆದುಹೋಗುವುದರಿಂದ ತೆಗೆಯುವಾಗಲೇ ಶಿಖರದ ಸುತ್ತ ಸ್ಥಳ ಬಿಡಬೇಕು.

ತಾಳಗುಂದ: ಇದೇ ತಾಲ್ಲೂಕಿನ ತಾಳಗುಂದದ ಕದಂಬರ ಸ್ತಂಭಶಾಸನದಂಥ ಬರಹಗಳ ಅಕ್ಷರಗಳು ಪಕ್ಕದಿಂದ ಬೀಳುವ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಚಿತ್ರವನ್ನು ಕಪ್ಪು-ಬಿಳುಪಿಗೆ ಪರಿವರ್ತಿಸಿ ಕಾಂಟ್ರಾಸ್ಟ್ ಹೆಚ್ಚಿಸುವುದರಿಂದ ಓದಲು ಸಹಾಯವಾಗುತ್ತದೆ. ಆದರೆ ಅತಿಯಾದ ಶಾರ್ಪನಿಂಗ್‌ನಿಂದ ಅಂಚುಗಳ ಸುತ್ತ ಸುಳ್ಳು ಗೆರೆಗಳು ಮೂಡುತ್ತವೆ, ಕಲ್ಲಿನ ಬಿರುಕು ಅಕ್ಷರದ ಭಾಗದಂತೆ ತೋರಬಹುದು. ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಹಿಗ್ಗಿಸುವ ಸಾಧನಗಳು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಒಂದು ಗೆರೆಯಿಂದ ಅಕ್ಷರವೇ ಬದಲಾಗಬಲ್ಲ ಶಾಸನದ ಓದಿಗೆ ಇಂಥ ಚಿತ್ರ ಆಧಾರವಾಗಲಾರದು.

ಮಿತಿಗಳು ಮತ್ತು ನಿಯಮಗಳು

ಬೆಳಕು, ಬಣ್ಣಗಳ ಸಮತೋಲನ ತಿದ್ದುಪಡಿಯಾದರೆ, ವಸ್ತುವನ್ನು ಸೇರಿಸುವುದು ಅಥವಾ ಅಳಿಸುವುದು ಮಾರ್ಪಾಡು. ಅಂತರರಾಷ್ಟ್ರೀಯ ಸಂಸ್ಥೆಗಳಾದ ಫಿಯಾಪ್, ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯಂತೆ, ಕ್ರಾಪ್ ಮಾಡುವುದನ್ನು ಬಿಟ್ಟರೆ ಚಿತ್ರದ ಅಂಶಗಳನ್ನು ತೆಗೆಯುವುದಾಗಲಿ, ಸೇರಿಸುವುದಾಗಲಿ, ಸ್ಥಳಾಂತರಿಸುವುದಾಗಲಿ ಸಲ್ಲದು. ಸೆನ್ಸರ್ ಮೇಲಿನ ಧೂಳಿನ ಕಲೆ, ನಾಯ್ಸ್ ಮುಂತಾಗಿ ಕ್ಯಾಮೆರಾದಿಂದ ಬಂದ ದೋಷಗಳನ್ನು ನೀಗಿಸಬಹುದು. ಈ ಪ್ರಕಾರ ಕೆಂಬರಲಿನ ಮುಂದೆ ಅಡ್ಡ ಬಂದ ಕೊಂಬೆಯನ್ನು ಅಳಿಸುವಂತಿಲ್ಲ. ಮದುವೆ, ಜಾಹೀರಾತು ಅಥವಾ ಕಲಾತ್ಮಕ ಚಿತ್ರಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ವಿಕಿಮೀಡಿಯ ಕಾಮನ್ಸ್‌ನಲ್ಲಿ ಗಣನೀಯವಾಗಿ ತಿದ್ದಿದ ಚಿತ್ರವನ್ನು ಪ್ರತ್ಯೇಕ ಕಡತವಾಗಿ ಸೇರಿಸಿ, ಬದಲಾವಣೆಯನ್ನು ವಿವರಣೆಯಲ್ಲಿ ನಮೂದಿಸುವುದು ರೂಢಿ.

ಅಭ್ಯಾಸ

ಸಿದ್ಧ ಫಿಲ್ಟರ್‌ಗಳು ಒಂದೇ ಒತ್ತಿಗೆ ಫಲ ನೀಡುತ್ತವೆಯಾದರೂ ಏನು ಬದಲಾಯಿತೆಂಬುದನ್ನು ತಿಳಿಸುವುದಿಲ್ಲ. ತಾವೇ ತೆಗೆದ ಒಂದು ಚಿತ್ರದಲ್ಲಿ ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ, ಮೂಲದೊಂದಿಗೆ ಹೋಲಿಸುವುದು ಉತ್ತಮ ಅಭ್ಯಾಸಕ್ರಮ. ಸ್ಥಳದಲ್ಲಿ ಕಂಡ ಬಣ್ಣದ ನೆನಪು ಇರುವುದರಿಂದ ಅತಿರೇಕ ಬೇಗ ಗೊತ್ತಾಗುತ್ತದೆ. ಮರುದಿನ ಮತ್ತೊಮ್ಮೆ ಪರಿಶೀಲಿಸಿದರೆ ಕಣ್ಣು ಒಗ್ಗಿಹೋಗಿ ಗಮನಕ್ಕೆ ಬಾರದ ದೋಷಗಳೂ ಕಾಣುತ್ತವೆ.